ಮಕ್ಸೂದ್ ಸಾಹೇಬರ ಕಾರು ತಣ್ಣಗಾದದ್ದು

ಹಿರಿಯೂರಿನಲ್ಲಿ ಹುಟ್ಟಿ ಬೆಳೆದವರಿಗೆ ತಂಪು ಎಂದರೆ ಬೇವಿನ ಮರದ ಕೆಳಗಿನ ಜಾಗ, ಅಷ್ಟೇ. ಅಂಥ ಊರಿನಲ್ಲಿ ಕುಳಿತು ತಂಪನ್ನೇ ರಿಪೇರಿ ಮಾಡಿ ಬದುಕುತ್ತೇನೆ ಎಂದು ಹೊರಟವನನ್ನು ನೋಡಿ ಜನ ನಗದೆ ಇನ್ನೇನು ಮಾಡಿಯಾರು? ಮುಝಫರ್ ಹೆದ್ದಾರಿಯ ಪಕ್ಕ, ಲಾರಿಗಳು ನಿಲ್ಲುವ ಜಾಗದ ಹತ್ತಿರ ತಗಡಿನ ಶೆಡ್ಡು ಹಾಕಿ, 'ಮುಝಫರ್ ಕಾರ್ ಎ.ಸಿ. ವರ್ಕ್ಸ್' ಎಂದು ನೀಲಿ ಬಣ್ಣದಲ್ಲಿ ಬೋರ್ಡು ಬರೆಸಿದ್ದು ೧೯೯೮ರಲ್ಲಿ. ಆಗ ತಾಲ್ಲೂಕಿನಲ್ಲಿ ಏಸಿ ಇದ್ದ ಕಾರುಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದಿತ್ತು. ಅವುಗಳ ಮಾಲೀಕರಲ್ಲೂ ಅರ್ಧ ಜನ ಪೆಟ್ರೋಲು ಜಾಸ್ತಿ ಕುಡಿಯುತ್ತದೆಂದು ಏಸಿಯ ಗುಂಡಿ ಮುಟ್ಟುತ್ತಲೇ ಇರಲಿಲ್ಲ. ಬೋರ್ಡಿನ ಮೂಲೆಯಲ್ಲಿ ಬರೆಸಿದ್ದ ಹಿಮದ ಗುಡ್ಡ ನೋಡಿ ಐಸ್‌ಕ್ರೀಮು ಕೇಳಿಕೊಂಡು ಬಂದವರೂ ಇದ್ದರು. ಅವರನ್ನೂ ಮುಝಫರ್ ಸುಮ್ಮನೆ ಕಳಿಸುತ್ತಿರಲಿಲ್ಲ, ಕೂರಿಸಿ ನೀರು ಕೊಟ್ಟು, ಕಾರಿನ ಏಸಿ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿಯೇ ಕಳಿಸುತ್ತಿದ್ದ.

ಅವನದು ಕಲಾಯಿಯವರ ಮನೆತನ. ತಾಮ್ರದ ಪಾತ್ರೆಗಳನ್ನು ಕೆಂಡದ ಮೇಲೆ ಕಾಯಿಸಿ, ಒಳಗೆ ತವರ ಬಳಿದು, ಫಳಫಳ ಹೊಳೆಯುವಂತೆ ಮಾಡಿಕೊಡುವುದು ತಲೆತಲಾಂತರದ ಕಸುಬು. ಚಿತ್ರದುರ್ಗದ ಕೋಟೆಯಲ್ಲಿ ಇನ್ನೂ ಸೈನ್ಯವಿದ್ದ ಕಾಲದಲ್ಲಿ ಅಡುಗೆಯ ಕೊಪ್ಪರಿಗೆಗಳಿಗೆ ಕಲಾಯಿ ಹಾಕಲು ಬಂದವರು ನಾವು ಎಂದು ಮನೆಯ ಹಿರಿಯರು ಹೇಳುತ್ತಿದ್ದರು. ಕೇಳಿದವರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮುಝಫರನ ಅಪ್ಪ ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಹೊಳಲ್ಕೆರೆ, ಹೊಸದುರ್ಗದ ಬೀದಿಬೀದಿ ಸುತ್ತಿದವರು. ಆಮೇಲೆ ಮನೆಮನೆಗೂ ಸ್ಟೀಲು ಪಾತ್ರೆ ಬಂತು, ಕಲಾಯಿಯ ಕೂಗು ನಿಂತಿತು. ಅಪ್ಪ ತೀರಿಕೊಂಡ ಮೇಲೆ ಮುಝಫರ್ ಅದೇ ಬೆಂಕಿ, ಅದೇ ತವರ ಇಟ್ಟುಕೊಂಡು ಲಾರಿಗಳ ರೇಡಿಯೇಟರಿನ ತೂತು ಮುಚ್ಚಿದ. ಕೈ ಕುದುರಿದ ಮೇಲೆ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಎರಡು ವರ್ಷ ಇದ್ದು ಏಸಿ ಕೆಲಸ ಕಲಿತು ಬಂದ. ಅಲ್ಲೇ ಇರಬಾರದಾಗಿತ್ತಾ ಎಂದು ಕೇಳಿದವರಿಗೆ ಉತ್ತರ ಸಿದ್ಧವಾಗಿತ್ತು.

"ಅಲ್ಲಿ ತಂಪು ಪುಕ್ಕಟೆ ಸಿಗ್ತೈತೆ ಕಣ್ರಿ. ನನ್ ಕೆಲ್ಸಕ್ಕೆ ಬೆಲೆ ಇರೋದು ಈ ಬಿಸ್ಲಾಗೆ."

ಕೈ ಚುರುಕು, ಬಾಯಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಕಾರು ಶೆಡ್ಡಿನ ಮುಂದೆ ಬಂದು ನಿಲ್ಲುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದು, "ಬಾನೆಟ್ ತೆಗೀಬ್ಯಾಡ್ರಿ, ನಾನು ಹೇಳ್ತೀನಿ" ಎನ್ನುತ್ತಿದ್ದ. ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿ ರೋಗದ ಹೆಸರು ಹೇಳಿಬಿಡುತ್ತಿದ್ದ. ಹೆಚ್ಚಿನ ಸಲ ಅದು ಸರಿಯಾಗಿರುತ್ತಿತ್ತು. ಸರಿಯಾಗದಿದ್ದ ಸಲ ತಪ್ಪು ಕಾರಿನದೇ ಎಂದು ಸಾಧಿಸಲು ಅವನಿಗೆ ಅರ್ಧ ಗಂಟೆಯೂ ಬೇಕಾಗುತ್ತಿರಲಿಲ್ಲ. ಅವನ ತಾಯಿ ನೂರುನ್ನೀಸಾ, "ಇವನ ಬಾಯಿಗೂ ಒಂದು ಕಲಾಯಿ ಹಾಕ್ಬೇಕು, ಪೂರ್ತಿ ಮುಚ್ಚೋ ಹಂಗೆ" ಎಂದು ಬಂದವರೆಲ್ಲರ ಮುಂದೆ ಹೇಳುತ್ತಿದ್ದಳು.

ಇಂಥವನಿಗೆ ಮೂವತ್ತರ ಹತ್ತಿರ ಒಂದು ಹುಡುಗಿ ಮನಸ್ಸಿಗೆ ಹಿಡಿಸಿದಳು. ಹೆಸರು ಕೈನಾತ್, ಊರು ಹೊಸದುರ್ಗ, ಉರ್ದು ಶಾಲೆಯಲ್ಲಿ ಟೀಚರು. ಚಿತ್ರದುರ್ಗದ ನೆಂಟರ ಮದುವೆಯೊಂದರಲ್ಲಿ ಮುಝಫರ್ ಎಂದಿನಂತೆ ಹತ್ತು ಜನರನ್ನು ಸುತ್ತ ಕೂರಿಸಿಕೊಂಡು ಕಥೆ ಹೊಡೆಯುತ್ತಿದ್ದ. ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಆಕೆ ನಗಲಿಲ್ಲ. ಸ್ವಲ್ಪ ಯೋಚಿಸಿ, ಎಲ್ಲರೂ ನಕ್ಕು ಮುಗಿಸಿದ ಮೇಲೆ, ಒಬ್ಬಳೇ ನಕ್ಕಳು. ಮುಝಫರನ ಕಥೆ ಆ ದಿನ ಅಲ್ಲಿಗೇ ನಿಂತಿತು. ಮನೆಗೆ ಬಂದವನೇ ತಾಯಿಗೆ ವಿಷಯ ಹೇಳಿದ. ನೂರುನ್ನೀಸಾ ವಿಚಾರಿಸಿದಳು. ಹುಡುಗಿಯ ತಂದೆ ಯಾರೆಂದು ತಿಳಿದಾಗ ತಲೆಯ ಮೇಲೆ ಕೈ ಹೊತ್ತು ಕುಳಿತಳು.

ತಂದೆ ಮಕ್ಸೂದ್ ಸಾಹೇಬರು. ಹೊಸದುರ್ಗದಲ್ಲಿ ಮೂರು ತಲೆಮಾರಿನ ಕೊಬ್ಬರಿ ವ್ಯಾಪಾರ, ಸ್ವಂತ ಎಣ್ಣೆ ಗಾಣ. ಕೊಬ್ಬರಿಯನ್ನು ಕಿವಿಯ ಬಳಿ ಒಂದು ಸಲ ಅಲ್ಲಾಡಿಸಿ ಒಳಗಿನದು ಒಣಗಿದೆಯೋ ಇಲ್ಲವೋ ಹೇಳುವವರು. ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಅದು ಯಾವ ಗಾಣದ್ದೆಂದು ಹೇಳುವವರು. ಅವರ ಬಳಿ ಹಳೆಯದೊಂದು ಕೆನೆಬಣ್ಣದ ಕಾಂಟೆಸ್ಸಾ ಕಾರು ಇತ್ತು, ಅದಕ್ಕೆ ಏಸಿ ಇತ್ತು. ಹೊಸದುರ್ಗಕ್ಕೆ ಬಂದ ಮೊದಲ ಏಸಿ ಕಾರು ತಮ್ಮದೇ ಎಂಬುದು ಅವರ ನಂಬಿಕೆ. ದುರದೃಷ್ಟಕ್ಕೆ ಕಳೆದ ಬೇಸಿಗೆಯಿಂದ ಆ ಏಸಿ ಕೈ ಕೊಟ್ಟಿತ್ತು. ಗಾಡಿ ಹೊರಟ ಸ್ವಲ್ಪ ಹೊತ್ತು ತಣ್ಣಗೆ ಬೀಸಿ, ಆಮೇಲೆ ಬಿಸಿ ಗಾಳಿ ಕಕ್ಕುತ್ತಿತ್ತು. ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿದರೆ ಮತ್ತೆ ಸ್ವಲ್ಪ ಹೊತ್ತು ತಣ್ಣಗೆ. ದಾವಣಗೆರೆಯ ಒಬ್ಬ ಮೆಕ್ಯಾನಿಕ್ಕು, ಚಿತ್ರದುರ್ಗದ ಒಬ್ಬ ಮೆಕ್ಯಾನಿಕ್ಕು ನೋಡಿ ಕೈ ಚೆಲ್ಲಿದ್ದರು. ರಸ್ತೆಯ ಧೂಳಿಗೆ ಕಿಟಕಿ ತೆಗೆಯುವಂತಿಲ್ಲ, ಒಳಗೆ ಕೂರುವಂತಿಲ್ಲ. ಎದುರು ಅಂಗಡಿಯ ಕೊಬ್ಬರಿ ವ್ಯಾಪಾರಿ ಶಿವಕುಮಾರಪ್ಪನವರು ಸಾಹೇಬರ ಬಾಲ್ಯಸ್ನೇಹಿತರು. ಅವರಂತೂ ದಿನಾ ಬೆಳಿಗ್ಗೆ, "ಸಾಹೇಬ್ರೆ, ನಿಮ್ ಕಾರ್ನಾಗೆ ಕೊಬ್ರಿ ಒಣಗ್ಸಿದ್ರೆ ಬೇಗ ಒಣಗ್ತವೆ" ಎಂದು ಕೆಣಕುತ್ತಿದ್ದರು.

೨೦೦೧ರ ಜನವರಿ, ರಂಜಾನ್ ಹಬ್ಬ ಮುಗಿದು ಒಂದು ವಾರವಾಗಿತ್ತು. ನೂರುನ್ನೀಸಾ ಮಗನನ್ನು ಕರೆದುಕೊಂಡು ಹೊಸದುರ್ಗಕ್ಕೆ ಹೋದಳು. ಮುಝಫರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಗುರಿನ ಗ್ರೀಸು ಸೋಪಿನಲ್ಲಿ ಉಜ್ಜಿ ಉಜ್ಜಿ ತೆಗೆದಿದ್ದ. ಕುಳಿತ ಗಳಿಗೆಯಿಂದ ಶುರು ಮಾಡಿದ ಮಾತು ಶರಬತ್ತು ಬಂದರೂ ನಿಲ್ಲಲಿಲ್ಲ. ಮುಂದಿನ ಹತ್ತು ವರ್ಷದಲ್ಲಿ ಈ ಹೆದ್ದಾರಿಯ ಮೇಲೆ ಏಸಿ ಇಲ್ಲದ ಕಾರೇ ಓಡುವುದಿಲ್ಲ ಎಂದು ಹೇಳುತ್ತಿದ್ದಾಗ ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದ ಕೈನಾತ್, ದೊಡ್ಡವರು ಇದ್ದಾರೆಂಬುದನ್ನು ಲೆಕ್ಕಿಸದೆ ನೇರವಾಗಿ ಕೇಳಿಬಿಟ್ಟಳು.

"ಇಷ್ಟು ಮಾತಾಡ್ತೀರಲ್ಲ, ತಪ್ಪಾದಾಗಲೂ ಹಿಂಗೇ ಮಾತಾಡ್ತೀರಾ?"

ಮುಝಫರನಿಗೆ ಶರಬತ್ತು ನೆತ್ತಿಗೇರಿತು. ಅವನು ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಆಕೆ ಒಳಗೆ ಹೋಗಿದ್ದಳು. ಒಳಗಿನಿಂದ ಸೋದರತ್ತೆಯೊಬ್ಬಳು ಬಂದು ಹುಡುಗಿಗೆ ಒಪ್ಪಿಗೆಯಂತೆ ಎಂದು ಪಿಸುಗುಟ್ಟಿದಳು. ಉಳಿದವರು ಮಕ್ಸೂದ್ ಸಾಹೇಬರು ಒಬ್ಬರೇ. ಅವರು ಗಡ್ಡ ನೀವಿಕೊಂಡರು.

"ಏನಪ್ಪ, ಕಲಾಯಿಯವರು ಒಳ್ಳೇ ಜನ, ನಿಮ್ಮಪ್ಪನ ಕೈಗೆ ನಮ್ಮನೆ ಪಾತ್ರೆ ಕೊಟ್ಟೋರೇ ನಾವು. ಆದ್ರೆ ಗಾಳಿ ರಿಪೇರಿ ಮಾಡೋನಿಗೆ ಮಗಳು ಕೊಡೋದು ಹೆಂಗೆ? ಒಂದು ಕೆಲ್ಸ ಮಾಡಾಣ. ನನ್ ಕಾರು ಕಳಿಸ್ತೀನಿ. ತಣ್ಣಗೆ ಮಾಡಿ ತಗಂಬಾ. ಆಮ್ಯಾಕೆ ಮದ್ವೆ ಮಾತು."

ಸಂಕ್ರಾಂತಿಯ ಮರುದಿನ ಕಾಂಟೆಸ್ಸಾ ಹಿರಿಯೂರಿಗೆ ಬಂತು. ಓಡಿಸಿಕೊಂಡು ಬಂದವನು ಕಾಟಯ್ಯ, ಸಾಹೇಬರ ಹಳೆಯ ಡ್ರೈವರು. ಒಳ್ಳೆಯ ಮನುಷ್ಯ, ಆದರೆ ಆ ದಿನ ಯಾಕೋ ಅವನು ಮುಝಫರನ ಮುಖ ನೋಡದೆ ಬೇವಿನ ಮರವನ್ನೇ ನೋಡುತ್ತ ನಿಂತಿದ್ದ.

"ಬಾನೆಟ್ ತೆಗೀಬ್ಯಾಡ, ಕಾಟಯ್ಯ. ಏಸಿ ಹಾಕು," ಎಂದು ಮುಝಫರ್ ಕಣ್ಣು ಮುಚ್ಚಿದ. ಏಸಿಯ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರು ಒಂದು ಕ್ಷಣ ಗುರುಗುಟ್ಟಿ, ಕೀಚಲು ದನಿ ತೆಗೆದು, ಕೊನೆಗೆ ಗೋಳಿಡತೊಡಗಿತು. ಬೆಲ್ಟಿನಿಂದ ರಬ್ಬರು ಸುಟ್ಟ ವಾಸನೆ ಬಂತು. ಗೇಜು ಹಾಕಿ ನೋಡಿದರೆ ಒಂದು ಕಡೆಯ ಮುಳ್ಳು ಸೊನ್ನೆಗಿಂತ ಕೆಳಗೆ ಇಳಿದಿತ್ತು. ಅಂದರೆ ಒಳಗಿನ ದಾರಿ ಎಲ್ಲೋ ಕಟ್ಟಿಕೊಂಡಿದೆ. ಇಂಥ ರೋಗ ಅವನು ಬೆಂಗಳೂರಿನಲ್ಲಿ ಬೇಕಾದಷ್ಟು ನೋಡಿದ್ದ. ಕೊಳವೆಯೊಳಗೆ ತೇವ ಸೇರಿದರೆ ತಂಪಾಗುವ ಜಾಗದಲ್ಲಿ ಅದು ಮಂಜುಗಡ್ಡೆಯಾಗಿ ದಾರಿ ಮುಚ್ಚುತ್ತದೆ. ಆಮೇಲೆ ಕರಗುತ್ತದೆ, ಮತ್ತೆ ಮುಚ್ಚುತ್ತದೆ.

"ಒಳಗೆ ನೀರು ಸೇರೈತೆ. ದಾರಿ ಕಟ್ಟಿ ಕಟ್ಟಿ ಕಂಪ್ರೆಸರು ಒಣಗಿ ಹೋಗೈತೆ. ಬೇರೆ ಹಾಕ್ಬೇಕು. ಇಷ್ಟೇ ವಿಷ್ಯ!"

"ನೀರಾ?" ಎಂದ ಕಾಟಯ್ಯ.

"ನೀರೇ. ನನ್ ತಲೆ ಕೊಡ್ತೀನಿ ಬೇಕಾದ್ರೆ."

ಕಾಟಯ್ಯ ಮತ್ತೆ ಬೇವಿನ ಮರದ ಕಡೆ ತಿರುಗಿದ. ಮುಝಫರ್ ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಅವನು ಎಸ್‌ಟಿಡಿ ಬೂತಿಗೆ ಹೋಗಿ ಹೊಸದುರ್ಗಕ್ಕೆ ಫೋನು ಹಚ್ಚಿ, ಮಕ್ಸೂದ್ ಸಾಹೇಬರಿಗೂ ಅದನ್ನೇ ಹೇಳಿದ. "ಆ ಇಬ್ರು ಮೆಕ್ಯಾನಿಕ್ಕರಿಗೂ ನೀರಿನ ಗುರುತೇ ಸಿಕ್ಕಿಲ್ಲ ಸಾಹೇಬ್ರೆ, ನಾನು ಸದ್ದಿನಾಗೇ ಹಿಡ್ದೆ. ಶುಕ್ರವಾರ ಬರ್ರಿ, ಕಾರ್ನಾಗೇ ಕುಂತ್ಕಂಡು ಹೋಗಾಣ" ಎಂದ. ಬೂತಿನಿಂದ ಹೊರಗೆ ಬರುವಾಗ ಅವನ ಎದೆ ಒಂದು ಗೇಣು ಉಬ್ಬಿತ್ತು.

ಮಧ್ಯಾಹ್ನ ಗ್ಯಾಸು ಬಿಟ್ಟು, ಬೆಲ್ಟು ಸಡಿಲಿಸಿ, ಕೊಳವೆಗಳನ್ನು ಬಿಚ್ಚಿ, ಬೋಲ್ಟು ತೆಗೆದು ಕಂಪ್ರೆಸರನ್ನು ಹೊರಕ್ಕೆ ಎತ್ತಿದ. ಒಳಗಿನ ಭಾಗ ಕೈಯಲ್ಲಿ ತಿರುಗಿಸಿದರೆ ತಿರುಗಲಿಲ್ಲ, ಬಿಗಿದು ಕಚ್ಚಿಕೊಂಡಿತ್ತು. ಅಳಿದುಳಿದ ಎಣ್ಣೆಯನ್ನು ತಾಯಿಯ ಹಳೆಯ ತಟ್ಟೆಯೊಂದಕ್ಕೆ ಸೋಸಿ, ಶೆಡ್ಡಿಗೆ ಅಂಟಿಕೊಂಡಿದ್ದ ಮನೆಯ ಹಿತ್ತಿಲ ಕಟ್ಟೆಯ ಮೇಲಿಟ್ಟ. ಎಣ್ಣೆಯಲ್ಲಿ ಎಷ್ಟು ಲೋಹದ ಪುಡಿ ಇದೆಯೆಂದು ಬೆಳಗಿನ ಬೆಳಕಲ್ಲಿ ನೋಡುವುದು ಅವನ ಗುರು ಕಲಿಸಿದ ಪದ್ಧತಿ.

ಮರುದಿನ ಬೆಳಿಗ್ಗೆ ಒಳ್ಳೆಯ ಚಳಿ ಇತ್ತು. ನೂರುನ್ನೀಸಾ ಹಿತ್ತಿಲಿನಿಂದ ಕೂಗಿದಳು.

"ಲೇ ಮುಝಫರ್, ಇದೇನೋ, ಮಸಿ ಬಿದ್ದ ಕೊಬ್ರಿ ಎಣ್ಣೆ ಇಲ್ಲಿ ಇಟ್ಟೀಯ? ಗಟ್ಟಿ ಆಗೈತೆ ನೋಡು!"

ಅವನು ಹಲ್ಲುಜ್ಜುತ್ತಲೇ ಓಡಿ ಬಂದ. ತಟ್ಟೆಯಲ್ಲಿ ಬೂದುಬಣ್ಣದ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟಿ ಕುಳಿತಿತ್ತು. ಅದರೊಳಗೆ ಲೋಹದ ಪುಡಿ ಮಿನುಗುತ್ತಿತ್ತು. ಕಂಪ್ರೆಸರಿನ ಎಣ್ಣೆ ಹಿಮಾಲಯದಲ್ಲಿಟ್ಟರೂ ಹೆಪ್ಪುಗಟ್ಟುವುದಿಲ್ಲ. ಈ ಸೀಮೆಯಲ್ಲಿ ಚಳಿಗೆ ಹೆಪ್ಪುಗಟ್ಟುವ ಎಣ್ಣೆ ಒಂದೇ, ಅದನ್ನು ಕರಗಿಸಲು ಎಲ್ಲರ ಮನೆಯ ಕಿಟಕಿಯಲ್ಲೂ ಬೆಳಗಿನ ಬಿಸಿಲಿಗೆ ಶೀಶೆ ಇಟ್ಟಿರುತ್ತಾರೆ. ಮುಝಫರ್ ಬಗ್ಗಿ ಮೂಸಿದ. ಬಾಯಲ್ಲಿದ್ದ ಬ್ರಷ್ಷು ಹಾಗೇ ನಿಂತಿತು.

ಕಾಟಯ್ಯ ರಾತ್ರಿ ಶೆಡ್ಡಿನಲ್ಲೇ ಮಲಗಿದ್ದ. ಮುಝಫರ್ ತಟ್ಟೆ ಹಿಡಿದುಕೊಂಡು ಬಂದದ್ದನ್ನು ನೋಡಿದ್ದೇ ತಡ, ಅವನು ಕಂಬಳಿ ಕೊಡವಿ ಎದ್ದು ಕೈ ಮುಗಿದುಬಿಟ್ಟ.

"ನನ್ ಹೆಸ್ರು ಮಾತ್ರ ಹೇಳಬ್ಯಾಡ ಮಾರಾಯ. ಹೋದ್ ಬ್ಯಾಸಿಗ್ಯಾಗೆ ಗ್ಯಾಸು ಲೀಕಾಗಿತ್ತು. ಫ್ರಿಜ್ಜು ರಿಪೇರಿಯವ್ನು ಒಬ್ಬ ಬಂದಿದ್ದ. ಗ್ಯಾಸು ಐತೆ, ಒಳಗೆ ಹಾಕೋ ಎಣ್ಣೆ ಬೆಂಗ್ಳೂರಿಂದ ತರಿಸ್ಬೇಕು ಅಂದ. ಸಾಹೇಬ್ರು ನಕ್ಕುಬಿಟ್ರು. ಹೊಸದುರ್ಗದಾಗೆ ಕುಂತ್ಕಂಡು ಎಣ್ಣೆಗೆ ಬೆಂಗ್ಳೂರಿಗೆ ಹೋಗೋದಾ ಅಂತ ಗಾಣದಿಂದ ಒಂದು ಚೊಂಬು ತರಿಸಿದ್ರು. ಆಲಿಕೆ ಹಿಡ್ದೋನು ನಾನೇ."

ಈಗ ಎಲ್ಲವೂ ಹೊಂದಿಕೊಂಡಿತು. ಕಾರು ತಣ್ಣಗಾದಾಗಲೆಲ್ಲ ಒಳಗಿನ ಕೊಬ್ಬರಿ ಎಣ್ಣೆ ಕೊಳವೆಯಲ್ಲಿ ಗಟ್ಟಿಯಾಗಿ ದಾರಿ ಮುಚ್ಚುತ್ತಿತ್ತು, ಬಿಸಿಲಿಗೆ ನಿಲ್ಲಿಸಿದರೆ ಕರಗುತ್ತಿತ್ತು. ಅತ್ತ ಕಂಪ್ರೆಸರಿಗೆ ಎಣ್ಣೆ ವಾಪಸು ಬಾರದೆ ಅದು ಒಣಗಿ, ಉಜ್ಜಿ, ಕಚ್ಚಿಕೊಂಡಿತ್ತು. ಮುಝಫರನಿಗೆ ಮೊದಲು ನಗು ಬಂತು. ಶೆಡ್ಡಿನ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಫೋನಿನಲ್ಲಿ ಹೇಳಿದ್ದ ಮಾತು ನೆನಪಾಗಿ ನಗು ನಿಂತಿತು. ನೀರು ಎಂದು ತಾನು ಹೇಳಿದ್ದು ಸುಳ್ಳಾಯಿತು. ನಿಜ ಹೇಳಿದರೆ ಕಾರು ಕೊಂದವರು ಸಾಕ್ಷಾತ್ ಹುಡುಗಿಯ ತಂದೆ ಎಂದಾಗುತ್ತದೆ. ಊರಿಗೇ ಎಣ್ಣೆಯ ಗುಣ ಹೇಳುವ ಮನುಷ್ಯನಿಗೆ ನಿಮ್ಮ ಎಣ್ಣೆಯಿಂದಲೇ ಹೀಗಾಯಿತು ಎಂದು ಹೇಳಿ, ಅದೇ ಬಾಯಲ್ಲಿ ನಿಮ್ಮ ಮಗಳನ್ನು ಕೊಡಿ ಎಂದು ಕೇಳುವುದು ಹೇಗೆ?

ನೂರುನ್ನೀಸಾಳಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ.

"ಹಳೇದಾಗಿತ್ತು, ಹೋಯ್ತು ಅನ್ನು. ಜನ್ಮದಾಗೆ ಒಂದು ಸಲ ಬಾಯಿ ಮುಚ್ಕಂಡಿರು. ಮದ್ವೆ ಆದ್ಮೇಲೆ ಎಷ್ಟು ಬೇಕಾದ್ರೂ ಮಾತಾಡ್ಕ."

ಅವನು ಕೆಟ್ಟ ಕಂಪ್ರೆಸರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ. ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ, ಅದೇ ಜಾತಿಯ ಕಂಪ್ರೆಸರುಗಳನ್ನು ಕೈಯಲ್ಲಿ ತಿರುಗಿಸಿ, ಕಿವಿಗೆ ಹಿಡಿದು, ನಾಲ್ಕು ತಿರಸ್ಕರಿಸಿ ಐದನೆಯದನ್ನು ಒಪ್ಪಿ ತಂದ. ಜೊತೆಗೆ ಸರಿಯಾದ ಎಣ್ಣೆಯ ಡಬ್ಬಿಯೊಂದನ್ನೂ ತಂದ. ಹೋಗುವಾಗ ಬರುವಾಗ ಬಸ್ಸಿನಲ್ಲಿ ಪಕ್ಕದವರೊಂದಿಗೆ ಅವನು ಒಂದು ಮಾತೂ ಆಡಲಿಲ್ಲ. ಅವನನ್ನು ಬಲ್ಲ ಕಂಡಕ್ಟರು ಮೈಗೆ ಹುಷಾರಿಲ್ಲವಾ ಎಂದು ಕೇಳಿದ.

ಹೊಸ ಕಂಪ್ರೆಸರು ಕೂರಿಸುವ ಮುಂಚೆ ಹಳೆಯ ಎಣ್ಣೆಯ ಒಂದು ಹನಿಯೂ ಒಳಗೆ ಉಳಿಯಬಾರದು. ಮುಝಫರ್, ಕಾಟಯ್ಯ ಇಬ್ಬರೂ ಸೇರಿ, ಕಾರಿನೊಳಗೆ ತಂಪು ಹುಟ್ಟಿಸುವ ಬಲೆಯಂಥ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡು ಬಿಚ್ಚಿ ಹೊರತೆಗೆದು, ನೂರುನ್ನೀಸಾ ಸ್ನಾನಕ್ಕೆ ಕಾಯಿಸಿದ ತಾಮ್ರದ ಹಂಡೆಯ ನೀರನ್ನು ಅದರ ಮೇಲೆ ಚೊಂಬುಗಟ್ಟಲೆ ಸುರಿದರು. ಹೆಪ್ಪು ಕರಗಿ ಕೊಳವೆಯ ಬಾಯಿಂದ ಬಳಬಳ ಇಳಿಯಿತು. ಶೆಡ್ಡಿನ ತುಂಬ ಕೊಬ್ಬರಿ ಎಣ್ಣೆಯ ಘಮ ಹರಡಿತು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಕೇರಳದ ಲಾರಿಯೊಂದು ಗಕ್ಕನೆ ನಿಂತಿತು. ಡ್ರೈವರು ಮೂಗು ಅರಳಿಸಿಕೊಂಡು ಇಳಿದು ಬಂದು, ಅರ್ಧಂಬರ್ಧ ಕನ್ನಡದಲ್ಲಿ ಹೋಟೆಲು ಎಲ್ಲಿ, ಊಟ ಇದೆಯಾ ಎಂದು ಕೇಳಿದ. ಕಾರಿನ ಏಸಿ ರಿಪೇರಿ ಎಂದರೆ ಅವನು ನಂಬಲಿಲ್ಲ. ಒಳಗೆ ಬಗ್ಗಿ ನೋಡಿ, ಬೇಸರದಿಂದ ತಲೆಯಾಡಿಸಿ ಹೋದ. ಕಾಟಯ್ಯ ಚೊಂಬು ಕೆಳಗಿಟ್ಟು ನೆಲದ ಮೇಲೆ ಹೊರಳಾಡಿ ನಕ್ಕ.

ಪೆಟ್ರೋಲು ಹಾಯಿಸಿ, ನೈಟ್ರೋಜನ್ ಗಾಳಿ ಊದಿ ಎಲ್ಲ ಒಣಗಿಸಿದ ಮೇಲೆ ಮುಝಫರ್ ಹೊಸ ಕಂಪ್ರೆಸರಿಗೆ ಅಳೆದು ಎಣ್ಣೆ ಹಾಕಲು ಕುಳಿತ. ಡಬ್ಬಿ ಬಗ್ಗಿಸುವಾಗ ಅವನ ಕೈ ತಡೆಯಿತು. ನಾಳೆ ಹಳೇದಾಗಿತ್ತು ಎಂದು ಹೇಳಿಬಿಡುತ್ತೇನೆ, ಸರಿ. ಮದುವೆಯೂ ಆಗುತ್ತದೆ. ಮುಂದೊಂದು ಬೇಸಿಗೆಯಲ್ಲಿ ಗ್ಯಾಸು ಕಡಿಮೆಯಾಗುತ್ತದೆ. ಆಗ ಮಕ್ಸೂದ್ ಸಾಹೇಬರು ಏನು ಮಾಡುತ್ತಾರೆ? ಮತ್ತೆ ಗಾಣದಿಂದ ಚೊಂಬು ತರಿಸುತ್ತಾರೆ! ತಾನು ಇಷ್ಟು ಮುದ್ದು ಮಾಡಿ ಆರಿಸಿ ತಂದ ಈ ಕಂಪ್ರೆಸರೂ ಕೊಬ್ಬರಿ ಎಣ್ಣೆ ಕುಡಿದು ಸಾಯುತ್ತದೆ. ಅದನ್ನು ನೆನೆಸಿಕೊಂಡರೆ ಅವನಿಗೆ ತಡೆಯಲಾಗಲಿಲ್ಲ. ಅದರ ಜೊತೆಗೆ ಕೈನಾತ್ ಶರಬತ್ತಿನ ತಟ್ಟೆ ಹಿಡಿದು ಕೇಳಿದ್ದ ಪ್ರಶ್ನೆಯೂ ಇತ್ತು: ತಪ್ಪಾದಾಗಲೂ ಹಿಂಗೇ ಮಾತಾಡ್ತೀರಾ? ಅವನಿಗೆ ಭಯವಾಯಿತು. ಕೈನಾತ್ ಕೈ ತಪ್ಪಿ ಹೋಗುತ್ತಾಳೆಂದು ನಿಜವಾಗಿಯೂ ಭಯವಾಯಿತು.

ಶುಕ್ರವಾರ ನಮಾಜು ಮುಗಿಸಿ ಮಕ್ಸೂದ್ ಸಾಹೇಬರು ಬಸ್ಸಿನಲ್ಲಿ ಬಂದಿಳಿದರು. ಧೂಳು ಮೆತ್ತಿದ ಟೋಪಿ ಕೊಡವಿ, ಕುರ್ಚಿಯಲ್ಲಿ ಕುಳಿತು, ನೂರುನ್ನೀಸಾ ಕಳಿಸಿದ ಚಹಾ ಕುಡಿದರು.

"ಏನಪ್ಪ, ನೀರೆಲ್ಲ ತೆಗೆದ್ಯಾ?"

ಬಾಗಿಲ ಮರೆಯಿಂದ ನೂರುನ್ನೀಸಾ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಕಾಟಯ್ಯ ಕುಕ್ಕರುಗಾಲಿನಲ್ಲಿ ಕುಳಿತು ಹಿಂದಿನ ಟೈರನ್ನು ಪರೀಕ್ಷಿಸತೊಡಗಿದ.

"ನೀರಲ್ಲ ಸಾಹೇಬ್ರೆ," ಎಂದ ಮುಝಫರ್. ದನಿ ಅವನದೇ ಎಂದು ಗುರುತು ಸಿಗದಷ್ಟು ಸಣ್ಣಗಿತ್ತು. "ನಾನು ತಪ್ಪು ಹೇಳಿದ್ದೆ. ನೋಡದೆ ಬಾಯಿ ಬಿಟ್ಟೆ. ಒಳಗೆ ಇದು ಇತ್ತು." ಎಣ್ಣೆಯ ತಟ್ಟೆಯನ್ನು ಮುಂದೆ ಹಿಡಿದ. "ಇದು ಏನು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತಾಗ್ತೈತೆ."

ಎಣ್ಣೆ ಕಂಡರೆ ಮಕ್ಸೂದ್ ಸಾಹೇಬರಿಗೆ ಬೇರೆ ಯಾವ ಯೋಚನೆಯೂ ಬರುತ್ತಿರಲಿಲ್ಲ. ಅವರು ಚಹಾ ಲೋಟ ಕೆಳಗಿಟ್ಟು, ಬೆರಳು ಅದ್ದಿ ಅಂಗೈಯಲ್ಲಿ ಉಜ್ಜಿದರು. ಮೂಸಿದರು. ಮುಖ ಬೆಳಗಿತು.

"ಕೊಬ್ರಿ ಎಣ್ಣೆ. ಮಿಲ್ಲಿಂದಲ್ಲ, ಗಾಣದ್ದು. ಕೊಬ್ರಿ ಅಟ್ಟದ ಮ್ಯಾಲೆ ವರ್ಷ ಪೂರ್ತಿ ಒಣಗೈತೆ, ಅವಸರ ಮಾಡಿಲ್ಲ. ಇಷ್ಟು ಕೆಟ್ಟ ಜಾಗದಾಗೆ ಇದ್ರೂ ಘಮ ಹೋಗಿಲ್ಲ ನೋಡು! ಹಿಂಗೆ ಎಣ್ಣೆ ತೆಗೆಯೋರು ಹೊಸದುರ್ಗದಾಗೆ ಒಬ್ರೇ..."

ಅಲ್ಲಿಗೆ ನಿಲ್ಲಿಸಿದರು. ಉಜ್ಜುತ್ತಿದ್ದ ಕೈಯೂ ನಿಂತಿತು. ಸಾಹೇಬರು ನಿಧಾನವಾಗಿ ಹಿಂದಿನ ಟೈರಿನ ಕಡೆ ತಿರುಗಿದರು.

"ಕಾಟಯ್ಯ."

"ನಾನು ಮೊದ್ಲು ಹೇಳಿಲ್ಲ ಸಾಹೇಬ್ರೆ! ಅವ್ನೇ ಮೂಸಿ ಕಂಡುಹಿಡ್ದ!"

ಸಾಹೇಬರು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹುಟ್ಟಿದ ಮಗೂಗೆ ಹಚ್ತೀವಪ್ಪ ಈ ಎಣ್ಣೇನ. ಒಂದು ಕಬ್ಬಿಣಕ್ಕೆ ಆಗಲ್ವಾ ಅಂದ್ಕಂಡೆ."

"ಎಣ್ಣೆ ತಪ್ಪಿಲ್ಲ ಸಾಹೇಬ್ರೆ. ಜಾಗ ತಪ್ಪು."

"ಹಳೇದಾಗಿತ್ತು, ಹೋಯ್ತು ಅಂತ ಹೇಳಿದ್ರೆ ನಾನು ನಂಬ್ತಿದ್ದೆ."

"ನಂಬ್ತಿದ್ರಿ."

"ನಿನಗೂ ಅನುಕೂಲ ಆಗ್ತಿತ್ತು. ಮತ್ಯಾಕೆ ಹೇಳ್ದೆ?"

ಮುಝಫರ್ ತಲೆ ತಗ್ಗಿಸಿ, ಮನಸ್ಸಿನಲ್ಲಿದ್ದುದನ್ನು ಇದ್ದ ಹಾಗೇ ಹೇಳಿದ. "ಮುಂದಿನ ಬೇಸಿಗ್ಯಾಗೆ ಮತ್ತೆ ಅದನ್ನೇ ಹಾಕಿಸ್ತಿದ್ರಿ."

ಬಾಗಿಲ ಮರೆಯಲ್ಲಿ ನೂರುನ್ನೀಸಾ ಹಣೆ ಚಚ್ಚಿಕೊಂಡಳು. ಮಕ್ಸೂದ್ ಸಾಹೇಬರು ಎದ್ದು, ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು, "ಹತ್ತು, ನೋಡಾಣ" ಎಂದರು.

ಕಾಟಯ್ಯ ಗಾಡಿ ತೆಗೆದ. ಮುಝಫರ್ ಮುಂದಿನ ಸೀಟಿನಲ್ಲಿ ಕುಳಿತು ಏಸಿಯ ಗುಂಡಿ ಪೂರ್ತಿ ತಿರುಗಿಸಿದ. ಕಂಪ್ರೆಸರು ಟಕ್ಕೆಂದು ಹಿಡಿದುಕೊಂಡು, ಆಮೇಲೆ ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ ತಿರುಗಿತು. ಬಬ್ಬೂರು ಫಾರಂ ದಾಟುವಾಗ ಮುಖಕ್ಕೆ ತಣ್ಣನೆಯ ಗಾಳಿ ಹೊಡೆಯಿತು. ಈ ಕಾರು ಸಾಮಾನ್ಯವಾಗಿ ಬಿಸಿ ಕಕ್ಕಲು ಶುರು ಮಾಡುತ್ತಿದ್ದುದು ಇಷ್ಟು ದೂರ ಓಡಿದ ಮೇಲೇ. ಮೂವರೂ ಕಾದರು. ವಾಣಿವಿಲಾಸ ಸಾಗರದ ತಿರುವು ಬಂತು, ಹೋಯಿತು. ಗಾಳಿ ಇನ್ನೂ ತಣ್ಣಗಾಯಿತು.

ಜನವರಿಯ ಸಂಜೆ. ಹೊರಗೆ ಸೈಕಲ್ಲಿನವರು ಸ್ವೆಟರು ಹಾಕಿ, ತಲೆಗೆ ಟವೆಲು ಸುತ್ತಿಕೊಂಡು ಹೋಗುತ್ತಿದ್ದರು. ಒಳಗೆ ಮೂವರು ಗಂಡಸರು ಹಲ್ಲು ಕಚ್ಚಿ ಕುಳಿತಿದ್ದರು. ಏಸಿ ಕಡಿಮೆ ಮಾಡು ಎಂದು ಮಕ್ಸೂದ್ ಸಾಹೇಬರು ಬಿಂಕಕ್ಕೆ ಹೇಳಲಿಲ್ಲ. ಕಡಿಮೆ ಮಾಡಲಾ ಎಂದು ಮುಝಫರ್ ಭಯಕ್ಕೆ ಕೇಳಲಿಲ್ಲ. ಡ್ರೈವರಾದವನು ಮಾಲೀಕರ ಏಸಿಗೆ ಕೈ ಹಾಕುವುದುಂಟೇ ಎಂದು ಕಾಟಯ್ಯ ಸುಮ್ಮನಿದ್ದ. ಅವನ ಕೈ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿತ್ತು. ತೆಂಗಿನ ತೋಟಗಳು ಶುರುವಾಗುವ ಹೊತ್ತಿಗೆ ಸಾಹೇಬರು ಸೀಟಿನ ಮೇಲೆ ಹಾಸಿದ್ದ ಬೆಡ್‌ಶೀಟು ಎಳೆದು ಹೊದ್ದುಕೊಂಡಿದ್ದರು. ಗಾಜುಗಳ ಮೇಲೆ ಹೊರಗಿನಿಂದ ಹನಿ ಕಟ್ಟಿತ್ತು. ಮದುವೆಯ ಬಗ್ಗೆ ಒಂದು ಮಾತಿಲ್ಲ. ಮುಝಫರ್ ದಾರಿಯುದ್ದಕ್ಕೂ ಅವರ ಮುಖವನ್ನು ಕನ್ನಡಿಯಲ್ಲಿ ನೋಡಿದ. ಕೊನೆಗೆ, ಹೋಯಿತು, ಎಲ್ಲ ಮುಗಿಯಿತು ಎಂದುಕೊಂಡ.

ಹೊಸದುರ್ಗದಲ್ಲಿ ಕಾರು ಅಂಗಡಿಯ ಮುಂದೆ ನಿಂತಿತು. ಅಂಗಡಿಯ ಹಿಂದೆಯೇ ಮನೆ. ಎದುರಿನಿಂದ ಶಿವಕುಮಾರಪ್ಪನವರು ಆಗಲೇ ರಸ್ತೆ ದಾಟಿ ಬರುತ್ತಿದ್ದರು. ಅವರ ಹಿಂದೆ ಅಂಗಡಿಯ ಇನ್ನೂ ನಾಲ್ಕು ಜನ. ಶಿವಕುಮಾರಪ್ಪನವರೇ ಕಾರಿನ ಬಾಗಿಲು ತೆರೆದರು. ಒಳಗಿನ ಚಳಿ ಮುಖಕ್ಕೆ ಹೊಡೆದು ಒಂದು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ ಶಿವನೇ! ಏನ್ ಸಾಹೇಬ್ರೆ ಇದು, ಹೆಣ ಇಡೋ ರೂಮಿನ ಹಂಗೆ ತಣ್ಣಗೈತೆ! ಏನಾಗಿತ್ತಂತೆ ಕಾರಿಗೆ?"

ಮಕ್ಸೂದ್ ಸಾಹೇಬರು ಬೆಡ್‌ಶೀಟು ಹೊದ್ದುಕೊಂಡೇ ಇಳಿದರು. ಹಲ್ಲು ಕಟಕಟ ಎನ್ನುತ್ತಿದ್ದವು. ರಸ್ತೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು.

"ನನ್ ಗಾಣದ ಕೊಬ್ರಿ ಎಣ್ಣೆ ಕುಡ್ದು ಸತ್ತಿತ್ತು ಕಣಪ್ಪ. ನಾನೇ ಕುಡ್ಸಿದ್ದೆ."

ಶಿವಕುಮಾರಪ್ಪನವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಅದನ್ನ ನಿಮ್ಮ ಮುಂದೆ ಹೇಳೋ ಧೈರ್ಯ ಯಾವನಿಗೆ ಬಂತು ಮಾರಾಯ್ರೆ?"

"ನಮ್ಮ ಅಳಿಯ," ಎಂದರು ಮಕ್ಸೂದ್ ಸಾಹೇಬರು. "ಒಳಗೆ ಕುಂತಾನೆ ನೋಡು. ಇಳಿಯೋಕೆ ಹೇಳು, ಚಳಿಗೆ ಸೆಟೆದು ಹೋದಾನು."

ಮುಝಫರ್ ಇಳಿಯಲಿಲ್ಲ. ಬಾಗಿಲಿಗೆ ಬಂದು ನಿಂತಿದ್ದ ಕೈನಾತ್ ತಂದೆಯ ಮಾತು ಕೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆದ. ಮಾತು ಬರಲಿಲ್ಲ, ಅಳು ಬಂತು. ಕಾಟಯ್ಯ ಕೈ ಚಾಚಿ ಏಸಿ ಆರಿಸಿ, ಅವನ ಬೆನ್ನು ತಟ್ಟುತ್ತ ಕುಳಿತ.